ಇಲ್ಲದ ಕಾಮಾಣಿಗೆ ಪಥ್ಯ

ನಮ್ಮ ಹಾಸ್ಟೆಲಿನ ಊಟ ಉಂಡವರು ಅದನ್ನು ಇವತ್ತಿಗೂ ಮರೆತಿಲ್ಲ, ಕ್ಷಮಿಸಿಯೂ ಇಲ್ಲ. ಸಾರು ಎಂದು ಬಡಿಸುತ್ತಿದ್ದ ನೀರಿನಲ್ಲಿ ತಟ್ಟೆಯ ತಳದ ಗೀರುಗಳು ಚೆನ್ನಾಗಿ ಕಾಣುತ್ತಿದ್ದವು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಕಡೆಯ ಹುಡುಗರು ಎಂಜಿನಿಯರಿಂಗ್ ಕಲಿತದ್ದು ಊರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಬುತ್ತಿಯ ಬಲದಿಂದ. ಬೆಳಗ್ಗೆ ಹಿರೇಕೆರೂರು ಬಿಟ್ಟ ಕೆಂಪು ಬಸ್ಸು ಅಕ್ಕಿಆಲೂರು, ಹಾನಗಲ್ಲ, ಶಿಗ್ಗಾವಿ ಹಾಯ್ದು ಮಧ್ಯಾಹ್ನದ ಹೊತ್ತಿಗೆ ನಮ್ಮ ಕಾಲೇಜಿದ್ದ ಪಟ್ಟಣವನ್ನು ಮುಟ್ಟುತ್ತಿತ್ತು. ದಾರಿಯಲ್ಲಿ ಸಿಕ್ಕ ಊರುಗಳ ತಾಯಂದಿರು ರೊಟ್ಟಿ ಪಲ್ಯದ ಡಬ್ಬಿಯನ್ನು ಅರಿವೆಯಲ್ಲಿ ಬಿಗಿಯಾಗಿ ಕಟ್ಟಿ ಕಂಡಕ್ಟರನ ಕೈಗೆ ಕೊಡುತ್ತಿದ್ದರು. ಸಂಜೆ ಅದೇ ಬಸ್ಸಿಗೆ ನಾವು ಖಾಲಿ ಡಬ್ಬಿಗಳನ್ನು ಹಾಕುತ್ತಿದ್ದೆವು. ಯಾವ ಗಂಟು ಯಾರದೆಂದು ಬರೆದುಕೊಂಡವರಿರಲಿಲ್ಲ, ಆದರೂ ಒಂದು ದಿನವೂ ಅದಲುಬದಲಾಗಲಿಲ್ಲ.

ನನ್ನದು ಸವಣೂರು. ನಮ್ಮ ಮನೆಯಲ್ಲಿ ಖಾರಾ ಕರಿದು ಮಾರುತ್ತಿದ್ದರು. ಮುಂಜಾನೆ ಕಣ್ಣು ಬಿಡುವ ಮೊದಲೇ ಬೆಳ್ಳುಳ್ಳಿ, ಕಡಲೆಹಿಟ್ಟು, ಕಾದ ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಿದ್ದ ಮನೆಯಲ್ಲಿ ಬೆಳೆದವನು ನಾನು. ನನ್ನ ಬುತ್ತಿ ಬೇರೊಂದು ಬಸ್ಸಿನಲ್ಲಿ ಶಿಗ್ಗಾವಿಗೆ ಬಂದು ಅಲ್ಲಿ ಉಳಿದ ಬುತ್ತಿಗಳ ಜೊತೆ ಸೇರುತ್ತಿತ್ತು. ಮಧ್ಯಾಹ್ನ ಎಲ್ಲ ಡಬ್ಬಿಗಳನ್ನೂ ಒಟ್ಟಿಗೆ ಬಿಚ್ಚಿ, ಯಾರ ಮನೆಯದೆಂದು ನೋಡದೆ ಉಣ್ಣುವುದು ನಮ್ಮಲ್ಲಿ ರೂಢಿಯಾಗಿತ್ತು. ರೂಢಿ ಏನೇ ಇರಲಿ, ನಾನು ಮೊದಲು ಕೈ ಹಾಕುತ್ತಿದ್ದುದು ನನ್ನ ರೂಮಿನ ಗೆಳೆಯನ ಡಬ್ಬಿಗೆ. ಅವನ ಅವ್ವನ ಎಣ್ಣೆಗಾಯಿ ಬದನೆಕಾಯಿಗಾಗಿ ನಾನು ಒಬ್ಬಿಬ್ಬರ ಜೊತೆ ಜಗಳವನ್ನೂ ಆಡಿದ್ದೇನೆ.

ಗೆಳೆಯನ ಊರು ಹಿರೇಕೆರೂರಿನಿಂದ ರಟ್ಟೀಹಳ್ಳಿಗೆ ಹೋಗುವ ದಾರಿಯಲ್ಲಿತ್ತು. ಒಕ್ಕಲುತನದ ಮನೆ, ತುಂಬು ಮನೆ. ಓದಿನಲ್ಲಿ ಅವನು ತನ್ನ ಶಾಲೆಗೆಲ್ಲ ಮೊದಲಿಗ. ನಾನು ಮೆಕ್ಯಾನಿಕಲ್ ಸೇರಿದೆ, ಅವನಿಗೆ ಆಗಷ್ಟೇ ಶುರುವಾಗಿದ್ದ ಕಂಪ್ಯೂಟರ್ ವಿಭಾಗದಲ್ಲಿ ಸೀಟು ಸಿಕ್ಕಿತು. ಕಂಪ್ಯೂಟರ್ ಎಂದರೇನೆಂದು ಅವನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಒಂದೇ ಒಂದು ಯಂತ್ರ, ಅದಕ್ಕೊಂದು ತಣ್ಣನೆಯ ಕೋಣೆ, ಒಳಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಬೇಕು. ವಾರಕ್ಕೊಮ್ಮೆ ಸರದಿ ಬರುತ್ತಿತ್ತು. ಬರೆದುಕೊಂಡು ಹೋದದ್ದರಲ್ಲಿ ಒಂದು ಚುಕ್ಕೆ ತಪ್ಪಿದರೂ ಯಂತ್ರ ಒಪ್ಪುತ್ತಿರಲಿಲ್ಲ, ಮತ್ತೆ ಮುಂದಿನ ವಾರದವರೆಗೆ ಕಾಯಬೇಕು. ನನಗಾದರೆ ಕಬ್ಬಿಣದ ತುಂಡು, ಅದನ್ನು ಉಜ್ಜುವ ಕಾನಸು, ಎದುರಿಗೆ ಕಾಣುವ ಕೆಲಸ. ಅವನದು ಕಣ್ಣಿಗೆ ಕಾಣದ ತಪ್ಪನ್ನು ವಾರಗಟ್ಟಲೆ ತಲೆಯಲ್ಲಿ ಹೊತ್ತು ತಿರುಗುವ ಕೆಲಸ.

ಎರಡನೆಯ ವರ್ಷದಲ್ಲಿ ಅವನು ಸಣ್ಣಗೆ ಬದಲಾಗತೊಡಗಿದ. ಮೊದಲು ಮಾತು ಕಡಿಮೆಯಾಯಿತು. ಆಮೇಲೆ ಸ್ನಾನ ತಪ್ಪಿತು. ಎರಡು ವಿಷಯಗಳಲ್ಲಿ ನಪಾಸಾದ ಸುದ್ದಿ ಬೋರ್ಡಿಗೆ ಬಂದ ದಿನ ಅವನು ನೋಡಲಿಕ್ಕೂ ಹೋಗಲಿಲ್ಲ, ನಾನೇ ನೋಡಿ ಬಂದು ಹೇಳಿದೆ. ‘ಹೌದಾ’ ಎಂದು ಗೋಡೆಯ ಕಡೆ ಮಗ್ಗುಲಾದ. ನಪಾಸಾಗುವುದು ನಮ್ಮಲ್ಲಿ ದೊಡ್ಡ ವಿಷಯವೇನೂ ಆಗಿರಲಿಲ್ಲ, ನಾನೇ ಒಂದರಲ್ಲಿ ಬಿದ್ದಿದ್ದೆ. ಆದರೆ ಅವನು ಹುಟ್ಟಿದಾಗಿನಿಂದ ಬಿದ್ದವನಲ್ಲ, ಬಿದ್ದರೆ ಹೇಗೆ ಏಳುವುದೆಂಬ ಅಭ್ಯಾಸವೇ ಅವನಿಗಿರಲಿಲ್ಲ. ಮನೆಗೆ ಒಂದು ಮಾತು ತಿಳಿಸಲಿಲ್ಲ. ಬುತ್ತಿ ದಿನವೂ ಬರುತ್ತಿತ್ತು, ಅವನು ಒಂದು ತುತ್ತೂ ಮುಟ್ಟುತ್ತಿರಲಿಲ್ಲ. ಎಣ್ಣೆಗಾಯಿ ಈಗ ಜಗಳವಿಲ್ಲದೆ ಸಿಗುತ್ತಿತ್ತು, ಆದರೆ ಅದು ನನಗೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಂದು ದಿನ ಅವನು ತನ್ನ ಡ್ರಾಯಿಂಗ್ ಪೆಟ್ಟಿಗೆಯನ್ನು ನನ್ನ ಮಂಚದ ಮೇಲಿಟ್ಟ. ಕೈಗಡಿಯಾರವನ್ನು ಪಕ್ಕದ ರೂಮಿನವನಿಗೆ ಕೊಟ್ಟು ಬಂದಿದ್ದ.

‘ಯಾಕೋ?’ ಎಂದೆ.

‘ಇಟ್ಟುಕೋ. ನನಗ ಇನ್ನ ಇವೆಲ್ಲಾ ಬೇಕಾಗಂಗಿಲ್ಲ.’

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ಅದೇ ನನ್ನನ್ನು ಹೆದರಿಸಿತು. ನಾನು ಸುಲಭಕ್ಕೆ ಹೆದರುವವನಲ್ಲ, ಸಿಟ್ಟು ಬೇಗ ಬರುವವನು. ಇವನು ಬದುಕುವ ಆಸೆ ಬಿಟ್ಟಿದ್ದಾನೆ ಎಂದು ನನಗೆ ಅರ್ಥವಾಯಿತು, ಅದನ್ನು ಯಾರಿಗೆ ಹೇಳಬೇಕೆಂದು ಅರ್ಥವಾಗಲಿಲ್ಲ.

ಈಗಿನ ಕಾಲೇಜುಗಳಲ್ಲಿ ಇಂಥ ಮಾತು ಕೇಳಲೆಂದೇ ಜನರಿರುತ್ತಾರೆ. ಆಗ ಯಾರಿದ್ದರು? ಒಬ್ಬ ಮೇಷ್ಟರಿಗೆ ಹೇಳಿದೆ. ಪಾಪ, ಒಳ್ಳೆಯವರು, ಸಂಜೆ ವಾಲಿಬಾಲ್ ಆಡಿಸು ಎಂದರು. ಮದ್ದಿನ ಅಂಗಡಿಯವನು ಟಾನಿಕ್ ಕೊಟ್ಟ. ಗೆಳೆಯನನ್ನು ಮೈದಾನಕ್ಕೆ ಎಳೆದುಕೊಂಡು ಹೋದರೆ ಚೆಂಡು ಅವನ ಕಾಲ ಬಳಿ ಬಂದು ನಿಂತಿತು, ಅವನು ಅದನ್ನು ನೋಡುತ್ತ ನಿಂತ. ಟಾನಿಕ್ ನಾನೇ ಕುಡಿದೆ. ಹಗಲು ಒಬ್ಬರಾದ ಮೇಲೊಬ್ಬರು ಅವನ ಜೊತೆ ಇರುವಂತೆ ರೂಮಿನ ಹುಡುಗರೆಲ್ಲ ಮಾತಾಡಿಕೊಂಡೆವು. ಆದರೆ ಪರೀಕ್ಷೆ ಹತ್ತಿರ ಬರುತ್ತಿತ್ತು, ನಮ್ಮ ಕೈಯಲ್ಲಿ ಇದು ಬಹಳ ದಿನ ನಡೆಯುವಂತಿರಲಿಲ್ಲ.

ಕೊನೆಗೆ ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರನನ್ನು ಮರೆಗೆ ಕರೆದೆ.

‘ನಮ್ಮ ರೂಮಿನವನ ಮನ್ಯಾಗ ಒಂದು ಮಾತು ಮುಟ್ಟಸ್ರಿ. ಹುಡುಗ ಊಟಾ ಬಿಟ್ಟಾನ, ಯಾರರ ಒಬ್ರು ಬಂದು ನೋಡಿ ಹೋಗ್ಲಿ ಅಂತ. ಮತ್ತ ದಾರ್ಯಾಗ ಯಾರಿಗೂ ಹೇಳಬ್ಯಾಡ್ರಿ.’

‘ಏನಂತ ತಿಳದಿಯೋ ನನ್ನ! ಇಷ್ಟು ವರ್ಷ ಬುತ್ತಿ ತರಾಕತ್ತೇನಿ, ಒಂದರ ಗಂಟು ಬಿಚ್ಚಿ ನೋಡೇನೇನು?’ ಎಂದು ಅವನು ಎದೆ ಮುಟ್ಟಿಕೊಂಡ.

ಗಂಟು ಬಿಚ್ಚದಿದ್ದುದು ನಿಜ. ಸುದ್ದಿಯ ವಿಷಯ ಬೇರೆ. ಶಿಗ್ಗಾವಿಯಲ್ಲಿ ಚಹಾ ಕುಡಿಯುವಾಗ ಅವನು ಡ್ರೈವರನಿಗೆ ಮಾತ್ರ ಹೇಳಿದನಂತೆ, ಡ್ರೈವರ ಹೊರಗಿನವನಲ್ಲವಲ್ಲ. ಅದು ಮುಂದಿನ ಸೀಟಿನವರ ಕಿವಿಗೆ ಬಿತ್ತು. ಹಾನಗಲ್ಲಿನಲ್ಲಿ ಹತ್ತಿದ ಹೆಂಗಸೊಬ್ಬರು, ವಯಸ್ಸಿನ ಹುಡುಗನಿಗೆ ಊಟ ಸೇರುವುದಿಲ್ಲವೆಂದರೆ ಅದು ಕಾಮಾಣಿಯೇ ಎಂದು ತೀರ್ಮಾನ ಕೊಟ್ಟರು. ಕಾಮಾಲೆಗೆ ನಮ್ಮ ಕಡೆ ಕಾಮಾಣಿ ಎನ್ನುತ್ತಾರೆ. ಅಕ್ಕಿಆಲೂರಿನಲ್ಲಿ ಸಂತೆ ಮುಗಿಸಿ ಹತ್ತಿದ ಜನ ಅದನ್ನು ಒಪ್ಪಿಕೊಂಡರು. ಬಸ್ಸು ಹಿರೇಕೆರೂರು ಮುಟ್ಟುವಷ್ಟರಲ್ಲಿ ಹುಡುಗನ ಕಣ್ಣು, ಉಗುರು ಎಲ್ಲ ಹಳದಿಯಾಗಿ, ಹಾಸ್ಟೆಲಿನ ಬಾವಿಯೇ ಕೆಟ್ಟಿತ್ತು. ಇದನ್ನೆಲ್ಲ ಮುಂದೆ ಆ ಕಂಡಕ್ಟರನೇ ಒಂದಿಷ್ಟೂ ನಾಚಿಕೆಯಿಲ್ಲದೆ ನನಗೆ ಹೇಳಿದ.

ಮರುದಿನ ಮಧ್ಯಾಹ್ನ ಅದೇ ಬಸ್ಸಿನಿಂದ ಗೆಳೆಯನ ಅಪ್ಪ, ಅವ್ವ, ಸೋದರತ್ತೆ ಇಳಿದರು. ಅಪ್ಪ ಕಡಿಮೆ ಮಾತಿನ ಮನುಷ್ಯ, ಬಾಗಿಲಲ್ಲೇ ನಿಂತರು. ಸೋದರತ್ತೆ ಮಾತ್ರ ನೇರವಾಗಿ ಮಂಚದ ಬಳಿ ಹೋಗಿ ಗೆಳೆಯನ ಕಣ್ಣರೆಪ್ಪೆ ಕೆಳಗೆಳೆದು ನೋಡಿದರು.

‘ನೋಡ್ರಿ, ನೋಡ್ರಿ! ಅರಿಷಿಣ ಆಗ್ಯಾವ! ನಾ ಬಸ್ಸಿನಾಗನ ಹೇಳಿದ್ನಿಲ್ಲ?’

ನಮ್ಮ ರೂಮಿನ ಗೋಡೆಗೆ ಹಳದಿ ಸುಣ್ಣ ಬಳಿದಿದ್ದರು. ಆ ಬೆಳಕಿನಲ್ಲಿ ಯಾರ ಕಣ್ಣು ನೋಡಿದರೂ ಹಳದಿಯೇ. ನಾನು ಮುಂದೆ ಹೋಗಿ, ‘ಅತ್ತೀ, ಇವಂಗ ಕಾಮಾಣಿ ಅಲ್ರಿ...’ ಎಂದೆ. ಅವರು ನನ್ನ ಗದ್ದ ಹಿಡಿದು ಕಿಟಕಿಯ ಕಡೆ ತಿರುಗಿಸಿ, ನನ್ನ ರೆಪ್ಪೆಯನ್ನೂ ಎಳೆದರು.

‘ಅಯ್ಯ ಶಿವನ, ಈ ಹುಡುಗಂಗೂ ಹತ್ತೇತಿ!’

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಗೆಳೆಯ ನನ್ನ ಅಂಗಿಯ ತುದಿ ಹಿಡಿದು ಜಗ್ಗಿದ. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ಏನೋ ಒಂದು ಇಳಿದಂತೆ, ಹೊತ್ತ ಮೂಟೆಯನ್ನು ಯಾರೋ ಕೈಕೊಟ್ಟು ಕೆಳಗಿಳಿಸಿದಂತೆ ಕಂಡಿತು.

‘ಇರ್ಲಿ ಬಿಡೋ,’ ಎಂದು ಪಿಸುಗುಟ್ಟಿದ, ‘ಕಾಮಾಣಿನ ಇರ್ಲಿ.’

ಆ ಮಾತಿಗೆ ನಾನು ಸುಮ್ಮನಾದೆ. ನಪಾಸಾದ ಮಗನಾಗಿ ಊರಿಗೆ ಹೋಗಲು ಅವನಿಗೆ ಸಾಧ್ಯವಿರಲಿಲ್ಲ. ಕಾಮಾಣಿಯಾದ ಮಗನಾಗಿ ಹೋಗಬಹುದಿತ್ತು. ಹೀಗೆ ಇಬ್ಬರು ರೋಗಿಗಳು, ಇಬ್ಬರಿಗೂ ರೋಗವಿಲ್ಲ, ಆ ಸಂಜೆ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತು ಹಿರೇಕೆರೂರಿಗೆ ಹೊರಟೆವು. ಶಿಗ್ಗಾವಿಯಲ್ಲಿ ಕಂಡಕ್ಟರ ನಮ್ಮಿಬ್ಬರಿಗೂ ಎಳನೀರು ತಂದು ಕೊಟ್ಟ.

ಕಾಮಾಣಿಯ ಪಥ್ಯ ಎಂದರೆ ಗೊತ್ತಿದ್ದವರಿಗೆ ಗೊತ್ತು. ಎಣ್ಣೆ ಇಲ್ಲ, ಉಪ್ಪಿಲ್ಲ, ಖಾರದ ಮಾತೇ ಇಲ್ಲ. ಬೆಳಗ್ಗೆ ಬರೀ ಹೊಟ್ಟೆಯಲ್ಲಿ ರಟ್ಟೀಹಳ್ಳಿಯಿಂದ ತಂದ ಸೊಪ್ಪಿನ ರಸವನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿಸುತ್ತಿದ್ದರು, ಆಮೇಲೆ ಮಧ್ಯಾಹ್ನಕ್ಕೂ ಸಂಜೆಗೂ ಸಪ್ಪನೆಯ ಗಂಜಿ. ಸವಣೂರಿನ ಖಾರಾ ಮಾಡುವವರ ಮಗನಿಗೆ ಉಪ್ಪಿಲ್ಲದ ಗಂಜಿ! ಗೆಳೆಯನ ಮೇಲಿನ ಪ್ರೀತಿಗೆ ನಾನು ಕೊಟ್ಟ ದೊಡ್ಡ ಸಾಕ್ಷಿ ಅದೇ ಎಂದು ಈಗಲೂ ಅವನಿಗೆ ನೆನಪಿಸುತ್ತಿರುತ್ತೇನೆ.

ಆದರೆ ಪಥ್ಯ ಊಟದಲ್ಲಿ ಮುಗಿಯುತ್ತಿರಲಿಲ್ಲ. ಕಣ್ಣಿಗೆ ಆಯಾಸವಾಗುತ್ತದೆಂದು ಪುಸ್ತಕ ಮುಟ್ಟಬಾರದು. ತಲೆಗೆ ಕಾವು ಏರುತ್ತದೆಂದು ಯಾವ ಚಿಂತೆಯ ಮಾತನ್ನೂ ಆಡಬಾರದು. ಬಂದವರು ಕೆಟ್ಟ ಸುದ್ದಿ ಹೇಳಬಾರದು. ರೋಗಿಯನ್ನು ಒಂಟಿಯಾಗಿ ಬಿಡಬಾರದು, ಹೊತ್ತು ಮುಳುಗಿದ ಕೂಡಲೇ ಮಲಗಿಸಬೇಕು. ಗೆಳೆಯನ ಮನೆಯಲ್ಲಿ ಇದೆಲ್ಲವನ್ನೂ ವ್ರತದಂತೆ ನಡೆಸಿದರು. ಹಿತ್ತಲ ಬೇವಿನ ಮರದ ನೆರಳಿಗೆ ಹೊರಸು ಹಾಕಿ ನಮ್ಮನ್ನು ಕೂರಿಸುತ್ತಿದ್ದರು. ಯಾರಾದರೊಬ್ಬರು ಶೇಂಗಾ ಒಡೆಯುತ್ತಲೋ ಹಗ್ಗ ಹೊಸೆಯುತ್ತಲೋ ಪಕ್ಕದಲ್ಲೇ ಇರುತ್ತಿದ್ದರು. ಊರಿನವರು ಕಬ್ಬು ತಂದು ಕೊಟ್ಟು, ಎಮ್ಮೆ ಈದದ್ದು, ಯಾರದೋ ಮನೆಯ ಬೆಕ್ಕು ಬಾವಿಗೆ ಬಿದ್ದು ಎದ್ದದ್ದು ಇಂಥದ್ದನ್ನು ಮಾತಾಡಿ ಹೋಗುತ್ತಿದ್ದರು. ಪರೀಕ್ಷೆ ಎಂಬ ಪದವನ್ನು ಯಾರೂ ಎತ್ತಲಿಲ್ಲ.

ಇಲ್ಲದ ರೋಗದ ಹೆಸರಿನಲ್ಲಿ ಆ ಮನೆಯವರು ಅವನಿಗೆ ಬೇಕಾದದ್ದನ್ನೆಲ್ಲ ಕೊಡುತ್ತಿದ್ದರು. ಅದು ಅವರಿಗೆ ಗೊತ್ತಿರಲಿಲ್ಲ. ನಾನು ಕೂತು ನೋಡುತ್ತಿದ್ದೆ. ಮೊದಲು ಅವನಿಗೆ ನಿದ್ದೆ ಬರತೊಡಗಿತು. ಆಮೇಲೆ ಗಂಜಿಯ ಬಟ್ಟಲು ಖಾಲಿಯಾಗತೊಡಗಿತು. ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಉಳಿದವರು ಹೊಲಕ್ಕೆ ಹೋಗಿ, ಕಾವಲಿದ್ದ ಸೋದರತ್ತೆ ತೂಕಡಿಸಿದ ಹೊತ್ತು ನೋಡಿ ಅಡುಗೆಮನೆಗೆ ನುಗ್ಗಿ ಕೆಂಪು ಮೆಣಸಿನಕಾಯಿ ಚಟ್ನಿಯ ಭರಣಿಗೆ ಬೆರಳು ಹಾಕಿದೆ. ಹಿಂದಿನಿಂದ ಸೋದರತ್ತೆಯ ಕೂಗು ಬಂತು.

‘ಬರ್ರಿ, ಬರ್ರಿ, ಇವನ ಕಾಮಾಣಿ ತಲಿಗೇರೇತಿ!’

ಬಾಯಿ ಉರಿಯುತ್ತ, ಕಣ್ಣಲ್ಲಿ ನೀರು ಸುರಿಯುತ್ತ ನಾನು ಹಿತ್ತಲಿಗೆ ಓಡಿ ಬಂದರೆ ಗೆಳೆಯ ಹೊರಸಿನ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವನು ನಗುವುದನ್ನು ನಾನು ಆ ವರ್ಷ ನೋಡಿಯೇ ಇರಲಿಲ್ಲ. ನನಗೆ ಸಂತೋಷ ತಡೆಯಲಾರದೆ ಅವನಿಗೆ ಎರಡು ಬೈದೆ.

ನಗು ನಿಂತ ಮೇಲೆ ಅವನೇ ಮಾತು ತೆಗೆದ.

‘ಹಾಸ್ಟೆಲಿನಾಗ ಬೆಳಗಾತು ಅಂದ್ರ ಎದಿಯಾಗ ಅಂಜಿಕಿ ಬರ್ತಿತ್ತು. ಯಾತಕ್ಕ ಅಂತ ಗೊತ್ತಿಲ್ಲ. ಇಲ್ಲಿ ಅದು ಬರವಲ್ದು.’

‘ನಪಾಸಾದದ್ದಕ್ಕ ಇರಬೇಕು.’

‘ಅಲ್ಲೋ. ಅಂಜಿಕಿ ಮೊದಲ ಬಂತು. ನಪಾಸಾದದ್ದು ಆಮ್ಯಾಗ.’

ನಾನು ಈ ಮಾತನ್ನು ಮುಂದೆ ಬಹಳ ಸಲ ನೆನೆದಿದ್ದೇನೆ. ನಪಾಸಾದದ್ದರಿಂದ ಹುಡುಗ ಕುಸಿದ ಎಂದು ನಾವೆಲ್ಲ ತಿಳಿದಿದ್ದೆವು. ಅವನು ಅದಕ್ಕೂ ಮೊದಲೇ ಒಳಗೊಳಗೆ ಕುಸಿಯುತ್ತಿದ್ದ, ಪಕ್ಕದ ಮಂಚದಲ್ಲಿದ್ದ ನಮಗೆ ಅದು ಕಂಡಿರಲಿಲ್ಲ.

‘ಮನ್ಯಾಗ ಹೇಳು,’ ಎಂದೆ.

‘ಕಾಮಾಣಿ ಹೋದ ಮ್ಯಾಗ ಹೇಳ್ತೇನಿ,’ ಎಂದ.

ಕಾಮಾಣಿ ಹೋಗಲು ತಡವಾಗಲಿಲ್ಲ. ಒಂದು ದಿನ ರಟ್ಟೀಹಳ್ಳಿಯ ಮದ್ದು ಕೊಡುವವರು ಬಂದು ನಮ್ಮಿಬ್ಬರ ಕಣ್ಣು ನೋಡಿ, ಪೂರ್ತಿ ಇಳಿಯಿತೆಂದು ಹೇಳಿದರು. ಹಿತ್ತಲ ಬೆಳಕು ಚೆನ್ನಾಗಿತ್ತು. ಮನೆಯವರಿಗೆಲ್ಲ ಹಿಗ್ಗು. ನಾಳೆ ಮಧ್ಯಾಹ್ನ ಪಥ್ಯ ಬಿಡಿಸುವ ಊಟ, ನಾಡಿದ್ದು ಬೆಳಗ್ಗೆ ಬಸ್ಸು ಎಂದು ಗೊತ್ತುಮಾಡಿದರು. ಸುದ್ದಿ ಹಬ್ಬಿದ್ದೇ ತಡ, ಪಕ್ಕದ ಮನೆಯ ಹಿರಿಯರು ಕಂಕುಳಲ್ಲಿ ರೇಡಿಯೋ ಇಟ್ಟುಕೊಂಡು ಹಿತ್ತಲಿಗೆ ಬಂದರು.

‘ಎಂಜಿನಿಯರ್ ಸಾಹೇಬ್ರ, ಪಥ್ಯ ಮುಗೀತಂತಲ್ರಿ? ಇದನ್ನೊಂಚೂರು ನೋಡ್ರಿ, ಬರೇ ಗೊರಗೊರ ಅನ್ನಾಕತ್ತೇತಿ.’

ಅವರು ಗೇಲಿ ಮಾಡುತ್ತಿರಲಿಲ್ಲ. ಸೀಟು ಸಿಕ್ಕ ದಿನದಿಂದ ಇಡೀ ಊರು ಅವನನ್ನು ಹಾಗೆಯೇ ಕರೆಯುತ್ತಿತ್ತಂತೆ. ಮನೆಯಲ್ಲಿ ಅವ್ವ ಕೂಡ ‘ನಮ್ಮ ಸಾಹೇಬ’ ಎನ್ನುತ್ತಿದ್ದರು. ಎಲ್ಲರಿಗೂ ಹೆಮ್ಮೆ, ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ರಜೆಗೆ ಬಂದಾಗ ಪಂಪ್‌ಸೆಟ್ಟು, ರೇಡಿಯೋ, ಗಿರಣಿಯ ಮೋಟಾರು ಎಲ್ಲವನ್ನೂ ಅವನ ಮುಂದೆ ತಂದಿಡುತ್ತಿದ್ದರು. ಅವನು ಓದುತ್ತಿದ್ದ ವಿದ್ಯೆಗೂ ಅವುಗಳಿಗೂ ಸಂಬಂಧವಿಲ್ಲವೆಂದು ಯಾರಿಗೆ ಹೇಳುವುದು, ಹೇಗೆ ಹೇಳುವುದು? ಗೆಳೆಯ ಸ್ಕ್ರೂಡ್ರೈವರ್ ತಗೊಂಡು ರೇಡಿಯೋದ ಹಿಂಬದಿ ಬಿಚ್ಚಿದ. ಬಿಚ್ಚಿದ್ದನ್ನು ಹಾಗೇ ಮುಚ್ಚಿ ಕೊಟ್ಟು, ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಸಂಜೆಯ ಗಂಜಿ ಬಟ್ಟಲಲ್ಲೇ ಆರಿತು.

ಹಾಸ್ಟೆಲಿನಲ್ಲಿ ನೋಡಿದ ಅದೇ ಬೆನ್ನು. ನಾಡಿದ್ದು ಬಸ್ಸು ಹತ್ತಿದರೆ ಮುಂದೇನು? ಮತ್ತೊಂದು ಸಲ ಕಾಮಾಣಿ ಬರಿಸಲಿಕ್ಕಂತೂ ಆಗುವುದಿಲ್ಲ. ಅವನು ಹೇಳದಿದ್ದರೆ ನಾನೇ ಹೇಳುತ್ತೇನೆ, ಬೇಕಾದರೆ ಅವನು ನನ್ನ ಮುಖ ನೋಡದಿದ್ದರೂ ಚಿಂತೆಯಿಲ್ಲ ಎಂದು ನಿರ್ಧರಿಸಿದೆ.

ಮರುದಿನ ಪಡಸಾಲೆಯಲ್ಲಿ ಎಲ್ಲರೂ ಸಾಲಾಗಿ ಕುಳಿತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಕೆನೆ ಮೊಸರು, ಆ ಕೆಂಪು ಚಟ್ನಿ. ಇಷ್ಟು ದಿನ ಕನಸಿನಲ್ಲಿ ಕಂಡದ್ದೆಲ್ಲ ನನ್ನ ತಟ್ಟೆಯಲ್ಲಿತ್ತು, ನನಗೆ ತುತ್ತು ಎತ್ತಲಾಗಲಿಲ್ಲ. ಗೆಳೆಯ ತಟ್ಟೆ ನೋಡುತ್ತ ಕುಳಿತಿದ್ದ.

‘ಉಣ್ಣೋ ನಮ್ಮಪ್ಪ, ಕಾಮಾಣಿ ಹೋತು,’ ಎಂದರು ಸೋದರತ್ತೆ.

ಗೆಳೆಯ ತಲೆಯೆತ್ತಿದ. ‘ನನಗ ಕಾಮಾಣಿ ಆಗಿರಲೇ ಇಲ್ಲ.’

‘ಏನಂದಿ? ನಾನ ಕಣ್ಣಾರೆ ನೋಡೇನಿ!’

‘ಆಗಿರ್ಲಿಲ್ಲ ಅತ್ತಿ. ಗ್ವಾಡಿ ಬಣ್ಣ ಹಳದಿ ಇತ್ತು.’ ಅವನು ಅಪ್ಪನ ಕಡೆ ತಿರುಗಿದ. ದನಿ ಸಣ್ಣದಾಗಿತ್ತು, ಆದರೆ ನಿಲ್ಲಲಿಲ್ಲ. ‘ಅಪ್ಪಾ, ನಾ ನಪಾಸಾಗೇನಿ. ಎರಡು ವಿಷಯದಾಗ. ಅದೂ ಅಲ್ಲ. ನನಗ ಅಲ್ಲಿ ಇರಾಕ ಆಗವಲ್ದು. ಉಣ್ಣಾಕ ಆಗವಲ್ದು, ಓದಿದ್ದು ತಲಿಗೆ ಹೋಗವಲ್ದು. ಬದುಕೂದ ಬ್ಯಾಡ ಅನ್ನಿಸಿತ್ತು. ಬಾಳ ಸಲ ಅನ್ನಿಸೇತಿ.’

ಅವ್ವನ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು.

‘ಎರಡು ವರ್ಷದಾಗ ನನಗರ ಒಂದು ಮಾತು ಹೇಳಬಾರದಾಗಿತ್ತೇನೋ?’ ಎಂದರು ಅವರು.

‘ಹೆಂಗ ಹೇಳ್ಲಿ ಅವ್ವಾ. ನೀನೂ ಸಾಹೇಬ ಅಂತಿದ್ದಿ.’

ಅಪ್ಪ ತಟ್ಟೆ ಸರಿಸಿ ಎದ್ದು ಹಿತ್ತಲಿಗೆ ಹೋದರು. ನನಗೆ ನಿಜಕ್ಕೂ ಭಯವಾಯಿತು. ನಮ್ಮ ಕಡೆಯ ಅಪ್ಪಂದಿರು ಇಂಥ ಹೊತ್ತಿನಲ್ಲಿ ಹೊಡೆಯಲೂಬಹುದು, ತಿಂಗಳುಗಟ್ಟಲೆ ಮಾತು ಬಿಡಲೂಬಹುದು. ಹೊರಗೆ ನೀರು ಸುರಿದುಕೊಂಡ ಸದ್ದು ಕೇಳಿಸಿತು. ತಿರುಗಿ ಬಂದಾಗ ಮುಖವೆಲ್ಲ ಒದ್ದೆಯಾಗಿತ್ತು, ಕಣ್ಣು ಕೆಂಪಾಗಿತ್ತು. ಮಗನ ಎದುರಿಗೆ ನೆಲದ ಮೇಲೆ ಕುಳಿತರು.

‘ಇಲ್ಲದ ಜಡ್ಡಿಗೆ ಇಷ್ಟು ದಿನ ಮನಿಮಂದಿ ಎಲ್ಲಾ ಪಥ್ಯಾ ಹಿಡದ್ವಿ,’ ಎಂದರು. ‘ಇರೋ ಜಡ್ಡಿಗೆ ಹಿಡಿಯೂದಿಲ್ಲೇನು? ಇದಕ್ಕ ಏನೇನು ಪಥ್ಯ ಐತಿ, ಹೇಳು.’

ಗೆಳೆಯ ಅತ್ತ. ಅವ್ವ ಅತ್ತರು, ಸೋದರತ್ತೆ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಅತ್ತರು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ. ಅಪ್ಪ ಮಾತ್ರ ಉತ್ತರಕ್ಕಾಗಿ ಕಾಯುತ್ತ ಕುಳಿತೇ ಇದ್ದರು. ಮದ್ದು ಕೊಡುವವರನ್ನು ಕೇಳಿದ ಹಾಗೆಯೇ ಮಗನನ್ನು ಕೇಳಿದರು.

‘ಒಬ್ಬನ್ನ ಬಿಡಬ್ಯಾಡ್ರಿ,’ ಎಂದ ಗೆಳೆಯ.

‘ಬಿಡೂದಿಲ್ಲ. ಮತ್ತ?’

‘ಈ ಸಲ ಪರೀಕ್ಷಾಕ್ಕ ಕುಂದ್ರೂದಿಲ್ಲ.’

ಇದಕ್ಕೆ ಅಪ್ಪ ಕೈಯಿಂದ ನೆಲ ಸವರಿದರು. ‘ಆತು,’ ಎಂದರು. ‘ಮತ್ತ?’

‘ಸಾಹೇಬ ಅನ್ನಬ್ಯಾಡ್ರಿ.’

ಸೋದರತ್ತೆ ಮೂಗು ಒರೆಸಿಕೊಂಡು, ‘ಸಪ್ಪನ ಊಟ ಬೇಕೇನೋ ಇದಕ್ಕ?’ ಎಂದು ಕೇಳಿದರು. ಅವರು ನಿಜವಾಗಿಯೇ ಕೇಳಿದ್ದು. ನಾನು ಗಾಬರಿಯಿಂದ ಗೆಳೆಯನ ಬಾಯಿ ನೋಡಿದೆ. ಅವನು ತಲೆ ಅಲ್ಲಾಡಿಸಿ ತಟ್ಟೆಯನ್ನು ಮುಂದೆ ಸರಿಸಿ, ‘ಚಟ್ನಿ ಹಾಕು ಅತ್ತಿ’ ಎಂದ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಓದುವವರಿಗೆ ಅದೇ ಚಿಂತೆ. ಅಪ್ಪ ಅವನನ್ನು ಧಾರವಾಡದ ಒಬ್ಬ ಡಾಕ್ಟರ ಬಳಿ ಕರೆದೊಯ್ದರು. ಅವರು ಗುಳಿಗೆ ಕೊಟ್ಟರು, ಆಗಾಗ ಕರೆಸಿ ಮಾತಾಡಿಸಿದರು. ಸುಗ್ಗಿ ಮುಗಿಯುವವರೆಗೆ ಅವನು ಊರಲ್ಲೇ ಉಳಿದು ಆಮೇಲೆ ಕಾಲೇಜಿಗೆ ಬಂದ. ಅವನ ಪಥ್ಯದ ಕೆಲವು ಭಾಗ ಹಾಸ್ಟೆಲಿನಲ್ಲಿ ನಮ್ಮ ಪಾಲಿಗೆ ಬಂತು. ಊಟಕ್ಕೆ ಅವನು ಒಬ್ಬನೇ ಕೂರಬಾರದು, ಊಟದ ಹೊತ್ತಿಗೆ ಯಾರೂ ಪಾಠದ ಮಾತೆತ್ತಬಾರದು. ಸ್ವಲ್ಪ ದಿನಗಳಲ್ಲೇ ಉಳಿದ ರೂಮುಗಳ ಹುಡುಗರೂ, ಇದು ಚೆನ್ನಾಗಿದೆಯೆಂದು ತಮ್ಮ ಡಬ್ಬಿ ಹಿಡಿದು ನಮ್ಮಲ್ಲಿಗೆ ಬರತೊಡಗಿದರು. ಕೆಲವರು ಅಲ್ಲಿ ತಮ್ಮ ಅಂಜಿಕೆಯನ್ನೂ ಹೇಳಿಕೊಂಡರು, ನಾನೂ ಹೇಳಿಕೊಂಡೆ. ನಡುವೆ ಕೆಟ್ಟ ದಿನಗಳು ಬಂದವು, ಹೋದವು. ನಮಗಿಂತ ಒಂದು ವರ್ಷ ತಡವಾಗಿ ಅವನು ಪಾಸಾದ. ಇವತ್ತಿಗೂ ಗಟ್ಟಿಮುಟ್ಟಾಗಿದ್ದಾನೆ, ನಾನು ಅವನ ಮನೆಗೆ ಹೋದರೆ ಬೇಕೆಂದೇ ಮೊದಲು ಗಂಜಿ ಬಡಿಸುತ್ತಾನೆ.

ಆದರೆ ಇಷ್ಟೆಲ್ಲ ಆಗಬಹುದೆಂದು ನನಗೆ ಮೊದಲು ನಂಬಿಕೆ ಬಂದದ್ದು ಅವರ ಊರಿನ ಬಸ್ಸು ನಿಲ್ಲುವ ಜಾಗದಲ್ಲಿ. ಆ ಊಟದ ಮರುದಿನ ಬೆಳಗ್ಗೆ ನಾನೊಬ್ಬನೇ ಕಾಲೇಜಿಗೆ ಹೊರಟಿದ್ದೆ, ಗೆಳೆಯನೂ ಅವನ ಅಪ್ಪನೂ ಕಳಿಸಲು ಬಂದಿದ್ದರು. ಊರಿನವರು ಹತ್ತಾರು ಜನ ಕಟ್ಟೆಯ ಮೇಲೆ ಕುಳಿತಿದ್ದರು. ಪಕ್ಕದ ಮನೆಯ ಹಿರಿಯರು ಅಲ್ಲಿಂದಲೇ ಕೇಳಿದರು.

‘ಸಾಹೇಬ್ರು ಹೋಗೂದಿಲ್ಲೇನ್ರಿ ಇವತ್ತ? ಕಾಮಾಣಿ ಹೋತಲ್ಲ?’

ಸುಳ್ಳು ಹೇಳುವುದು ಎಷ್ಟು ಸುಲಭವಿತ್ತು. ಇನ್ನೂ ನಿತ್ರಾಣವಿದೆ ಎಂದರೆ ಸಾಕಿತ್ತು. ಆ ಕಾಲದಲ್ಲಿ ಮನಸ್ಸಿನ ಜಡ್ಡು ಎಂದರೆ ಹುಚ್ಚು ಎಂದೇ ಅರ್ಥ, ಮನೆಯಲ್ಲಿ ಹಾಗಾದವರಿದ್ದಾರೆಂದರೆ ಹೆಣ್ಣು ಕೊಡುವವರು ಹಿಂದೆ ಸರಿಯುತ್ತಿದ್ದರು. ಗೆಳೆಯನ ಮುಖ ಬಿಳುಚಿತು. ಅಪ್ಪ ಅವನ ಹೆಗಲ ಮೇಲೆ ಕೈಯಿಟ್ಟರು.

‘ಕಾಮಾಣಿ ಆಗಿರ್ಲಿಲ್ರಿ,’ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ‘ಹುಡುಗನ ಮನಸ್ಸಿಗೆ ಜಡ್ಡಾಗೇತಿ. ಆರಾಮ ಆಕ್ಕೈತಿ, ಪಥ್ಯ ನಡದೈತಿ. ನಿಮ್ಮ ಕಡಿಂದನೂ ಒಂದು ಪಥ್ಯ ಬೇಕಾಗೇತಿ. ಅವನ್ನ ಸಾಹೇಬ ಅನ್ನಬ್ಯಾಡ್ರಿ. ಹೆಸರು ಹಿಡದು ಕರೀರಿ.’

ಹಿರಿಯರು ಗೆಳೆಯನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚಿಕ್ಕ ಹುಡುಗರನ್ನು ಗೋಲಿ ಆಡುವಲ್ಲಿಂದ ಊಟಕ್ಕೆ ಕರೆಯುತ್ತಾರಲ್ಲ, ಹಾಗೆ ಗಟ್ಟಿಯಾಗಿ, ಕೊನೆಯ ಅಕ್ಷರವನ್ನು ಎಳೆದು, ಅವನ ಹೆಸರು ಹಿಡಿದು ಕೂಗಿದರು. ಕೂಗಿ, ಪಕ್ಕಕ್ಕೆ ಸರಿದು ಕಟ್ಟೆಯ ಮೇಲೆ ಜಾಗ ಮಾಡಿದರು.

ಗೆಳೆಯ ‘ಓ’ ಎಂದು, ಹೋಗಿ ಅವರ ಪಕ್ಕದಲ್ಲಿ ಕುಳಿತ.